ಗೊತ್ತಾಯ್ತಾ ಅಂತ ಕೇಳಬೇಡಿ

ಕೇಳುಗರೇ, ನಮಸ್ಕಾರ.

ಯಾವ ಆಸ್ಪತ್ರೆಗೆ ಹೋದರೂ ದಿನವಿಡೀ ಕಿವಿಗೆ ಬೀಳುವ ಪ್ರಶ್ನೆ ಒಂದಿದೆ. "ಗೊತ್ತಾಯ್ತಾ?" ಡಾಕ್ಟರ್ ಕೇಳುತ್ತಾರೆ, ಸಿಸ್ಟರ್ ಕೇಳುತ್ತಾರೆ, ಔಷಧಿ ಕಿಟಕಿಯ ಹಿಂದೆ ಕೂತ ನನ್ನಂಥ ಫಾರ್ಮಸಿಸ್ಟ್ ಕೂಡ ಕೇಳುತ್ತಾನೆ. ಉತ್ತರ ಯಾವಾಗಲೂ "ಹ್ಞೂಂ ಸರ್, ಗೊತ್ತಾಯ್ತು." ಬೆನ್ನ ಹಿಂದೆ ಉದ್ದ ಸಾಲು ನಿಂತಿರುವಾಗ "ಇಲ್ಲ, ಇನ್ನೊಂದು ಸಲ ಹೇಳಿ" ಅನ್ನುವ ಧೈರ್ಯ ಯಾರಿಗೆ ಬರುತ್ತದೆ? ಎಂ.ಎ. ಓದಿದವರಿಗೂ ಬರುವುದಿಲ್ಲ. ಹೊರಗೆ ಹೋಗಿ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಚೀಟಿ ತೋರಿಸಿ ಕೇಳುತ್ತಾರೆ.

ಇದರಿಂದ ಏನು ನಷ್ಟ ಅಂದಿರಾ? ಇನ್ಸುಲಿನ್ ವಿಷಯವನ್ನೇ ನೋಡಿ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಎರಡು ಬಗೆ. ಒಂದರಲ್ಲಿ ಪ್ರತಿ ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಅದಕ್ಕೆ ತಕ್ಕ ಹಾಗೆ ಸಿರಿಂಜೂ ಎರಡು. ಕೆಂಪು ಮುಚ್ಚಳದ್ದು 40ರ ಬಾಟಲಿಗೆ, ಕಿತ್ತಳೆ ಮುಚ್ಚಳದ್ದು 100ರ ಬಾಟಲಿಗೆ. ಅದಲುಬದಲಾದರೆ? ಡಾಕ್ಟರ್ 20 ಯೂನಿಟ್ ಬರೆದಿದ್ದಾರೆ ಅಂದುಕೊಳ್ಳಿ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಬೆವರು, ನಡುಕ, ಆಮೇಲೆ ಪ್ರಜ್ಞೆಯೇ ತಪ್ಪಬಹುದು. ಉಲ್ಟಾ ಆದರೆ ಹೋಗುವುದು ಬರೀ 8 ಯೂನಿಟ್. ಶುಗರ್ ಇಳಿಯುವುದಿಲ್ಲ. ಮುಂದಿನ ಸಲ ಡಾಕ್ಟರ್ ಡೋಸ್ ಏರಿಸುತ್ತಾರೆ. ಅದೇ ವಾರ ಅಂಗಡಿಯವನು ಸರಿಯಾದ ಸಿರಿಂಜ್ ಕೊಟ್ಟುಬಿಟ್ಟರೆ, ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗುತ್ತದೆ.

ಓದುಬರಹ ಬಾರದವರ ಕಷ್ಟ ಇದು ಅಂತ ಪಕ್ಕಕ್ಕೆ ಸರಿಸುವ ಹಾಗಿಲ್ಲ. ಬಾಟಲಿಯ ಮೇಲಿನ ಆ ಸಣ್ಣ ಅಕ್ಷರವನ್ನು ಇಂಜಿನಿಯರ್ ಮಗನೂ ಓದಿರುವುದಿಲ್ಲ. ಹೊಸದಾಗಿ ಸೇರಿದ ಸಿಸ್ಟರ್‌ಗೆ ಮುಚ್ಚಳದ ಬಣ್ಣದ ಲೆಕ್ಕವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಇನ್ನೊಂದು ಸಂಗತಿ ನೋಡಿ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಬರುವವನು ಮಗ. ಎಲ್ಲ ಕೇಳಿಸಿಕೊಳ್ಳುವವನೂ ಅವನೇ. ಮನೆಯಲ್ಲಿ ದಿನಾ ಸೂಜಿ ಹಾಕುವವಳು ಸೊಸೆ. ಅವಳನ್ನು ನಾವು ಕಂಡೇ ಇಲ್ಲ! ಹಾಗಾಗಿ ನಾನು ಈಗ ಮೊದಲು ಕೇಳುವುದು, "ಮನೆಯಲ್ಲಿ ಔಷಧಿ ಕೊಡೋರು ಯಾರು?" ಅಂತ. ಅವರಿಗೆ ಅಲ್ಲಿಂದಲೇ ಫೋನ್ ಮಾಡಿಸಿ ಮಾತಾಡಿದರೂ ಆಯಿತು.

ಮಕ್ಕಳ ಜ್ವರದ ಔಷಧಿಯಲ್ಲೂ ಇಂಥದ್ದೇ ಗೊಂದಲ. ಪ್ಯಾರಾಸಿಟಮಾಲ್ ಡ್ರಾಪ್ಸ್ ಸಣ್ಣ ಬಾಟಲಿ, ಸಿರಪ್ ದೊಡ್ಡ ಬಾಟಲಿ. ಸಣ್ಣದರಲ್ಲಿ ಇರುವುದು ಸಪ್ಪೆ ಔಷಧಿ, ಕೂಸುಗಳಿಗೆ ಅಂತ ಮಾಡಿದ್ದು ಅಂತ ಜನ ತಿಳಿಯುತ್ತಾರೆ. ಆದರೆ ಡ್ರಾಪ್ಸೇ ಜಾಸ್ತಿ ಗಟ್ಟಿ. ಸಾಮಾನ್ಯವಾಗಿ ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ. ಸಿರಪ್ಪಿನ 5 ಎಂಎಲ್‌ನಲ್ಲಿ 120, 125 ಅಥವಾ 250 ಮಿಲಿಗ್ರಾಂ. "5 ಎಂಎಲ್ ಕೊಡಿ" ಅಂದಿದ್ದು ಸಿರಪ್ಪಿಗೆ. ತಾಯಿ 5 ಎಂಎಲ್ ಡ್ರಾಪ್ಸ್ ಕೊಟ್ಟರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಗುತ್ತದೆ. ಹತ್ತು ಕೆಜಿ ತೂಕದ ಮಗುವಿಗೆ ಒಂದು ಸಲಕ್ಕೆ 150 ಸಾಕು. ಅಡುಗೆಮನೆಯ ಚಮಚದ ಕಥೆ ಬೇರೆ. ಒಂದೊಂದು ಮನೆಯದು ಒಂದೊಂದು ಅಳತೆ. ಬಾಟಲಿಯ ಜೊತೆ ಬರುವ ಗೆರೆ ಇರುವ ಮುಚ್ಚಳವನ್ನು ದಯವಿಟ್ಟು ಎಸೆಯಬೇಡಿ.

ಇನ್ನು ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಕೆಂಪು ಮಾತ್ರೆ. ಬಸುರಿನಲ್ಲಿ 180 ದಿನ, ಹೆರಿಗೆ ಆದ ಮೇಲೆ 180 ದಿನ ನುಂಗಬೇಕು. ಆಶಾ ಕಾರ್ಯಕರ್ತೆಯರು ಮನೆಗೇ ತಂದುಕೊಡುತ್ತಾರೆ. ಆದರೂ ಎಷ್ಟೋ ಮನೆಯಲ್ಲಿ ಮಾತ್ರೆಯ ಪಟ್ಟಿ ಹಾಗೇ ಗೂಡಿನಲ್ಲಿ ಉಳಿದಿರುತ್ತದೆ. ಯಾಕೆ? ಎರಡು ದಿನ ನುಂಗಿದ ಮೇಲೆ ಮಲ ಕಪ್ಪಗಾಯಿತು. ಹುಡುಗಿ ಹೆದರಿದಳು. ಅತ್ತೆ "ಉಷ್ಣ ಆಗಿದೆ, ನಿಲ್ಲಿಸು" ಅಂದರು. ಕಪ್ಪಗಾಗುವುದು ಸಹಜ, ಅದರಿಂದ ತೊಂದರೆ ಇಲ್ಲ ಅಂತ ಮೊದಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಫಿ, ಟೀ, ಹಾಲಿನ ಜೊತೆ ಬೇಡ, ಹೊಟ್ಟೆ ತೊಳಸಿದರೆ ರಾತ್ರಿ ಊಟ ಆದ ಮೇಲೆ ತಗೊಳ್ಳಿ ಅಂತ ಇನ್ನೊಂದು ಮಾತು. ಅತ್ತೆಯನ್ನು ಎಲ್ಲರೂ ಬೈಯುತ್ತಾರೆ. ನಾನು ಬೈಯುವುದಿಲ್ಲ. ನಾವು ಸುಮ್ನೆ ಇದ್ದ ಜಾಗದಲ್ಲಿ ಅವರು ಮಾತಾಡಿದರು, ಅಷ್ಟೇ ಅಲ್ವಾ?

ಟೈಮ್ ಎಲ್ಲಿದೆ ಸ್ವಾಮಿ ಅಂತ ಡಾಕ್ಟರುಗಳು ಕೇಳುತ್ತಾರೆ. ಆ ಮಾತು ಸುಳ್ಳಲ್ಲ. 2017ರಲ್ಲಿ 67 ದೇಶಗಳ ಮಾಹಿತಿ ಸೇರಿಸಿ ಒಂದು ಅಧ್ಯಯನ ಬಂತು. ಡಾಕ್ಟರ್ ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಾವು ಯಾರಿಗೆ ಹತ್ತಿರ ಅಂತ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಕಾದವರಿಗೆಲ್ಲ ಗೊತ್ತು.

ಇರುವ ಸಮಯದಲ್ಲೇ ಪ್ರಶ್ನೆ ಬದಲಾಯಿಸಿದರೆ ಅರ್ಧ ಕೆಲಸ ಆಗುತ್ತದೆ. "ಗೊತ್ತಾಯ್ತಾ" ಬದಲು, "ಅಮ್ಮಾ, ನಾನು ಸರಿಯಾಗಿ ಹೇಳಿದ್ದೀನಾ ನೋಡ್ತೀನಿ. ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರಿ, ಹೇಳಿ" ಅಂತ ಕೇಳಿ. ಟೀಚ್ ಬ್ಯಾಕ್ ಅಂತ ಇದಕ್ಕೆ ಹೆಸರು. ಪರೀಕ್ಷೆ ನಮ್ಮದು ಅನ್ನುವ ಧಾಟಿಯಲ್ಲಿ ಕೇಳಬೇಕು. ಮೇಷ್ಟ್ರು ಪಾಠ ಒಪ್ಪಿಸು ಅಂದ ಹಾಗೆ ಕೇಳಿದರೆ ಬಾಯಿ ಬಿಡುವುದಿಲ್ಲ. ನಯವಾಗಿ ಕೇಳಿದರೆ ನಿಜ ಹೊರಗೆ ಬರುತ್ತದೆ. ಚೀಟಿಯಲ್ಲಿ 1-0-1 ಅಂತ, ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಅಂತ ಇದ್ದರೆ, ರಾತ್ರಿ ಪಾಳಿಯ ವಾಚ್‌ಮನ್ "ಬೆಳಿಗ್ಗೆ ಮಲಗುವಾಗ ಒಂದು, ಸಂಜೆ ಎದ್ದಾಗ ಒಂದು" ಅನ್ನಬಹುದು. ಸರಿಯೋ ತಪ್ಪೋ ಮಾತ್ರೆ ನೋಡಿ ಹೇಳಬೇಕು. ಕೇಳದೇ ಇದ್ದರೆ ಅದು ನಮಗೆ ತಿಳಿಯುವುದೇ ಇಲ್ಲ.

2019ರಿಂದ ಎಂಬಿಬಿಎಸ್ ಪಾಠದಲ್ಲಿ ರೋಗಿಯ ಜೊತೆ ಮಾತಾಡುವುದನ್ನೂ ಕಲಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಹೆಚ್ಚು ಹೊತ್ತು ಮಾತಾಡುವವರು ಸಿಸ್ಟರುಗಳು, ಲ್ಯಾಬಿನವರು, ನಮ್ಮಂಥ ಔಷಧಿಯವರು. ಕಲಿಸಬೇಕಾದದ್ದು ಇಲ್ಲೂ ಇದೆ.

ಕೇಳುಗರಿಗೂ ಒಂದು ಕೆಲಸ ಹೇಳುತ್ತೇನೆ. ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು ಒಂದು ಕೈಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಬನ್ನಿ. ಬಿಪಿಗೆ ಇಬ್ಬರು ಡಾಕ್ಟರ್ ಹತ್ತಿರ ಹೋಗಿರುತ್ತೀರಿ. ಇಬ್ಬರೂ ಒಂದೇ ಔಷಧಿಯನ್ನು ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಬರೆದಿರಬಹುದು. ಜ್ವರದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್, ಶೀತದ ಮಾತ್ರೆಯಲ್ಲೂ ಅದೇ ಇರಬಹುದು. ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯ ಮೂಲ ಹೆಸರು ಇರುತ್ತದೆ, ಹೋಲಿಸಿ ನೋಡಲು ನಮಗೆ ಎರಡು ನಿಮಿಷ ಸಾಕು. ಆದಷ್ಟು ಮಧ್ಯಾಹ್ನದ ಮೇಲೆ ಬನ್ನಿ, ಸಾಲು ಕಡಿಮೆ ಇರುತ್ತದೆ. ಔಷಧಿ ಕೊಡುವವರನ್ನೂ ಜೊತೆಗೆ ಕರೆದುಕೊಂಡು ಬನ್ನಿ.

ನಮಸ್ಕಾರ.