ವಿಡಿಯೊ ನಿಲ್ಲಿಸಿ ಬರೆಯುವ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

"ವಿಡಿಯೊ ನೋಡುವಾಗ ಎಲ್ಲ ಅರ್ಥವಾಗುತ್ತದೆ. ನಾನೇ ಬರೆಯಲು ಕೂತರೆ ಮೊದಲ ಸಾಲೇ ಹೊಳೆಯುವುದಿಲ್ಲ." ಆನ್‌ಲೈನ್ ಕೋರ್ಸ್ ಹಿಡಿದು ಕೋಡಿಂಗ್ ಕಲಿಯಲು ಹೊರಟವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಇದು. ತನ್ನ ತಲೆಗೆ ಇದು ಹತ್ತುವುದಿಲ್ಲ ಎಂದುಕೊಂಡು ಅಲ್ಲಿಗೇ ಕೈಬಿಡುವವರೂ ಇದ್ದಾರೆ. ಹಾಗೆ ಕೈಬಿಡಬೇಕಾಗಿಲ್ಲ. ಪಾಠ ಹೇಳುವವರು ಯಾವುದನ್ನು ಮೊದಲು ಬರೆಯಬೇಕು, ಎಲ್ಲಿ ಲೂಪ್, ಅಂದರೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು ಬೇಕು, ಎಲ್ಲಿ ಷರತ್ತು ಬೇಕು ಎಂಬುದನ್ನೆಲ್ಲ ಕ್ಯಾಮೆರಾ ಮುಂದೆ ಬರುವ ಮೊದಲೇ ನಿರ್ಧರಿಸಿರುತ್ತಾರೆ. ಆ ನಿರ್ಧಾರ ಮಾಡುವುದೇ ಈ ವಿದ್ಯೆಯ ತಿರುಳು. ಅದರ ಅಭ್ಯಾಸ ವಿಡಿಯೊ ನೋಡಿದ ಮಾತ್ರಕ್ಕೆ ಆಗುವುದಿಲ್ಲ.

ಕೋರ್ಸ್ ಅರ್ಧಕ್ಕೆ ಬಿಟ್ಟವರು ಒಂಟಿಯೂ ಅಲ್ಲ. ಹಾರ್ವರ್ಡ್ ಮತ್ತು ಎಂಐಟಿ ಸೇರಿ 2012ರಲ್ಲಿ ಕಟ್ಟಿದ ಆನ್‌ಲೈನ್ ಕಲಿಕಾ ತಾಣವಾದ ಎಡ್‌ಎಕ್ಸ್‌ನ ಕೋರ್ಸ್‌ಗಳ ಬಗ್ಗೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಎಲ್ಲ ವಿಷಯಗಳನ್ನೂ ಸೇರಿಸಿ ನೋಡಿದಾಗ, 2017–18ರಲ್ಲಿ ಕೋರ್ಸ್ ಮುಗಿಸಿದವರು ನೂರಕ್ಕೆ ಸುಮಾರು ಮೂವರು. ಸುಮ್ಮನೆ ಕುತೂಹಲಕ್ಕೆ ಹೆಸರು ಬರೆಸಿದವರೂ ಆ ಲೆಕ್ಕದಲ್ಲಿ ಸೇರಿದ್ದಾರೆ ಎಂಬುದನ್ನು ಮರೆಯಬಾರದು.

ಮೊದಲ ಎಡವು ಕೋಡ್ ಬರೆಯುವ ಮುಂಚೆಯೇ ಆಗುತ್ತದೆ. ನಾವು ಇಲ್ಲಿ ಬಳಸುವ ಕೋಡಿಂಗ್ ಭಾಷೆ ಪೈಥಾನ್. ಅದನ್ನು ವಿಂಡೋಸ್‌ನಲ್ಲಿ ಹಾಕುವಾಗ, ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗೆ 'ಪಾತ್‌ಗೆ ಸೇರಿಸು' ಎಂಬ ಚೌಕವಿರುತ್ತದೆ. ಅದಕ್ಕೆ ಟಿಕ್ ಹಾಕದೆ ಮುಂದೆ ಹೋದರೆ, ಆಮೇಲೆ ಪೈಥಾನ್ ಎಂದು ಟೈಪ್ ಮಾಡಿದಾಗ ಕಂಪ್ಯೂಟರ್‌ಗೆ ಅದು ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ. ಇನ್‌ಸ್ಟಾಲರನ್ನು ಮತ್ತೆ ಓಡಿಸಿ, 'ಮಾಡಿಫೈ' ಆರಿಸಿ, ಮುಂದೆ ಬರುವ ಆಯ್ಕೆಗಳಲ್ಲಿ ಅದಕ್ಕೆ ಟಿಕ್ ಹಾಕಿದರೆ ಸರಿಹೋಗುತ್ತದೆ. ಇನ್ನು, ನೀವು ನೋಡುತ್ತಿರುವ ಪಾಠದಲ್ಲಿ, ಪರದೆಯ ಮೇಲೆ ತೋರಿಸಲು ಬಳಸುವ ಪ್ರಿಂಟ್ ಪದದ ಮುಂದೆ ಬ್ರಾಕೆಟ್ ಇಲ್ಲದಿದ್ದರೆ ಅದು ಪೈಥಾನ್ 2ರ ಪಾಠ. 2020ರ ಜನವರಿ 1ಕ್ಕೆ ಅದರ ಬೆಂಬಲ ಮುಗಿಯಿತು. ಬೇರೆ ಪಾಠ ಹುಡುಕಿಕೊಳ್ಳಿ.

ಈಗ ಒಂದು ಸಣ್ಣ ಪ್ರೋಗ್ರಾಮನ್ನೇ ಬರೆಯೋಣ. ಕಂಪ್ಯೂಟರ್ 1ರಿಂದ 100ರೊಳಗೆ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ, ನಾವು ಊಹಿಸುತ್ತೇವೆ, ಅದು 'ಹೆಚ್ಚಾಯಿತು' ಅಥವಾ 'ಕಡಿಮೆಯಾಯಿತು' ಎನ್ನುತ್ತದೆ. ಸಿಕ್ಕಿದ ಮೇಲೆ ಎಷ್ಟನೇ ಊಹೆಗೆ ಸಿಕ್ಕಿತೆಂದು ಹೇಳುತ್ತದೆ. ಇದು ಎಷ್ಟೋ ಕೋರ್ಸ್‌ಗಳಲ್ಲಿ ಬರುವ ಅಭ್ಯಾಸ. ವಿಡಿಯೊ ಒಮ್ಮೆ ನೋಡಿ, ಮುಚ್ಚಿ, ಖಾಲಿ ಫೈಲ್ ತೆರೆಯಿರಿ. ಕೋಡ್‌ಗೆ ಕೈಹಾಕುವ ಮುನ್ನ ಹಂತಗಳನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆಯಿರಿ: ಸಂಖ್ಯೆ ಆರಿಸು; ಎಣಿಕೆ ಸೊನ್ನೆಯಿಂದ ಶುರುಮಾಡು; ಊಹೆ ಕೇಳು; ಎಣಿಕೆಗೆ ಒಂದು ಸೇರಿಸು; ಹೋಲಿಸು; ಸರಿಯಿಲ್ಲದಿದ್ದರೆ ಮತ್ತೆ ಕೇಳು. ಹೀಗೆ ಬರೆಯಲು ಆಗದಿದ್ದರೆ ತೊಡಕಿರುವುದು ಭಾಷೆಯಲ್ಲಲ್ಲ, ಯೋಚನೆಯಲ್ಲಿ. ಆಗ ಇನ್ನೊಂದು ವಿಡಿಯೊ ನೋಡಿ ಪ್ರಯೋಜನವಿಲ್ಲ.

ಈ ಫೈಲ್‌ಗೆ 'ರ್‍ಯಾಂಡಮ್' ಎಂದು ಹೆಸರಿಟ್ಟರೆ ಕೆಟ್ಟಿತು. ಸಂಖ್ಯೆ ಆರಿಸಲು ರ್‍ಯಾಂಡಮ್ ಎಂಬ ಮಾಡ್ಯೂಲನ್ನು, ಅಂದರೆ ಪೈಥಾನ್ ಜೊತೆಗೇ ಬರುವ ಸಿದ್ಧ ಕೋಡನ್ನು ಕರೆಯಬೇಕು. ಅದೇ ಹೆಸರಿನ ನಿಮ್ಮ ಫೈಲ್ ಪಕ್ಕದಲ್ಲಿದ್ದರೆ ಪೈಥಾನ್ ಅದನ್ನೇ ಎತ್ತಿಕೊಳ್ಳುತ್ತದೆ. ಕೋಡ್‌ನ ಪ್ರತಿ ಅಕ್ಷರ ಸರಿಯಿದ್ದರೂ ತಪ್ಪು ತೋರಿಸುತ್ತದೆ. ಮಾಡ್ಯೂಲ್‌ನ ಹೆಸರನ್ನು ನಿಮ್ಮ ಫೈಲ್‌ಗೆ ಇಡಲೇಬೇಡಿ.

ಮುಂದಿನದು ಎಲ್ಲರನ್ನೂ ಕಾಡುವ ತಪ್ಪು. ಉತ್ತರ ಕೇಳುವ 'ಇನ್‌ಪುಟ್' ಆದೇಶದ ಮೂಲಕ ನೀವು ಟೈಪ್ ಮಾಡಿದ 50 ಪೈಥಾನ್‌ಗೆ ಸಂಖ್ಯೆಯಾಗಿ ತಲುಪುವುದಿಲ್ಲ, ಅಕ್ಷರಗಳ ಸಾಲಾಗಿ ತಲುಪುತ್ತದೆ. ಹೆಚ್ಚೋ ಕಡಿಮೆಯೋ ಎಂದು ಹೋಲಿಸಿದರೆ 'ಟೈಪ್ ಎರರ್' ಎಂದು ನಿಲ್ಲುತ್ತದೆ. ಅದು ಒಳ್ಳೆಯದೇ, ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ ಸಮವೇ ಎಂದು ಮಾತ್ರ ಕೇಳಿದರೆ ಯಾವ ದೂರೂ ಬರುವುದಿಲ್ಲ. ಸುಮ್ಮನೆ 'ಅಲ್ಲ' ಎನ್ನುತ್ತದೆ. ಸರಿಯಾದ ಸಂಖ್ಯೆ ಕೊಟ್ಟರೂ ಆಟ ಮುಗಿಯುವುದೇ ಇಲ್ಲ. ಇನ್‌ಪುಟ್‌ನ ಸುತ್ತ 'ಇಂಟ್' ಎಂದು ಸುತ್ತಿದರೆ ಅದು ಸಂಖ್ಯೆಯಾಗುತ್ತದೆ. ಕನ್ನಡ ಅಂಕಿಗಳಲ್ಲಿ ೫೦ ಎಂದು ಕೊಟ್ಟರೂ ಇಂಟ್ ಅದನ್ನು ಐವತ್ತೆಂದೇ ಓದುತ್ತದೆ, ಪ್ರಯತ್ನಿಸಿ ನೋಡಿ.

ಸಂಖ್ಯೆ ಆರಿಸುವ ಸಾಲನ್ನು ಲೂಪ್‌ನ ಒಳಗೆ ಬರೆದರೆ ಪ್ರತಿ ಊಹೆಗೂ ಕಂಪ್ಯೂಟರ್ ಮನಸ್ಸು ಬದಲಿಸುತ್ತದೆ. 60 ಹೆಚ್ಚಾಯಿತು ಎಂದದ್ದು ಮರುಕ್ಷಣ 80 ಕಡಿಮೆಯಾಯಿತು ಎನ್ನಬಹುದು. ಎಣಿಕೆಯನ್ನು ಸೊನ್ನೆ ಮಾಡುವ ಸಾಲು ಒಳಗೆ ಸೇರಿಕೊಂಡರೆ, ಎಷ್ಟು ಸಲ ಊಹಿಸಿದರೂ ಉತ್ತರ ಒಂದೇ ಬರುತ್ತದೆ. ಪೈಥಾನ್‌ನಲ್ಲಿ ಒಳಗೆ, ಹೊರಗೆ ಎಂಬುದನ್ನು ತಿಳಿಸುವುದು ಸಾಲಿನ ಆರಂಭದ ಖಾಲಿ ಜಾಗ, ರೂಢಿಯಂತೆ ನಾಲ್ಕು ಸ್ಪೇಸ್. ಕಣ್ಣಿಗೆ ಕಾಣದ ಈ ಜಾಗವೇ ಇಲ್ಲಿ ವ್ಯಾಕರಣ. ಇಂಥ ತಪ್ಪಿಗೆ ಕೆಂಪು ಅಕ್ಷರದ ಎಚ್ಚರಿಕೆ ಬರುವುದಿಲ್ಲ. ಅನುಮಾನ ಬಂದಾಗ ಲೂಪ್‌ನ ಒಳಗೆ ಆ ಗುಟ್ಟಿನ ಸಂಖ್ಯೆಯನ್ನೂ ಎಣಿಕೆಯನ್ನೂ ಪ್ರಿಂಟ್ ಮಾಡಿ ನೋಡಬೇಕು. ಎರಡೇ ಸುತ್ತಿನಲ್ಲಿ ಗೊತ್ತಾಗುತ್ತದೆ.

ಕೆಂಪು ಅಕ್ಷರ ಬಂದಾಗ ಹೆದರಿ ಪರದೆ ಒರೆಸಿಬಿಡುವವರಿಗೆ ಒಂದು ಮಾತು. ಪೈಥಾನ್‌ನ ದೋಷ ಸಂದೇಶವನ್ನು ಕೆಳಗಿನಿಂದ ಓದಿ. ಕೊನೆಯ ಸಾಲಿನಲ್ಲಿ ತಪ್ಪಿನ ಜಾತಿ ಇರುತ್ತದೆ, ಅದರ ಮೇಲೆ ಸಾಲಿನ ಸಂಖ್ಯೆ. ಅಲ್ಲಿ ಏನೂ ಕಾಣದಿದ್ದರೆ ಹಿಂದಿನ ಸಾಲು ನೋಡಿ. ಮುಚ್ಚದೆ ಬಿಟ್ಟ ಬ್ರಾಕೆಟ್‌ಗೆ ಹಳೆಯ ಆವೃತ್ತಿಗಳು ಮುಂದಿನ ಸಾಲನ್ನು ದೂರುತ್ತಿದ್ದವು. 2021ರಲ್ಲಿ ಬಂದ ಪೈಥಾನ್ 3.10ರಿಂದ ಈಚೆಗೆ 'ಈ ಬ್ರಾಕೆಟ್ ಮುಚ್ಚಿಲ್ಲ' ಎಂದು ನೇರವಾಗಿ ಹೇಳುತ್ತದೆ. ತಿದ್ದಿದ ಮೇಲೂ ಅದೇ ತಪ್ಪು ಬಂದರೆ ಫೈಲ್ ಸೇವ್ ಆಗಿದೆಯೇ ನೋಡಿ. ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನಲ್ಲಿ ಟ್ಯಾಬ್‌ನ ಮೇಲೆ ಚುಕ್ಕಿ ಕಾಣುತ್ತಿದ್ದರೆ ಸೇವ್ ಆಗಿಲ್ಲ ಎಂದರ್ಥ.

ಎಐ ಸಹಾಯಕವನ್ನು ಕೇಳಬಹುದೇ? ಕೇಳಿ. ಆದರೆ "ಈ ಸಂದೇಶದ ಅರ್ಥವೇನು" ಎಂದು ಕೇಳಿ, "ಬರೆದುಕೊಡು" ಎನ್ನಬೇಡಿ. ಮೊದಲ ತಿಂಗಳುಗಳಲ್ಲಿ ಬರೆಸಿಕೊಂಡ ಕೋಡ್ ವಿಡಿಯೊದ ಕೋಡ್‌ನ ಹಾಗೆಯೇ, ನಿರ್ಧಾರಗಳೆಲ್ಲ ಬೇರೆಯವರದು.

ಆಟ ಸರಿಯಾಗಿ ನಡೆದ ಮೇಲೆ ಅದಕ್ಕೆ ಎರಡು ಬದಲಾವಣೆ ಮಾಡಿ. ಯಾರಾದರೂ ಅಂಕಿಯ ಬದಲು 'ಐವತ್ತು' ಎಂದು ಅಕ್ಷರದಲ್ಲಿ ಬರೆದರೆ ಆಟ ಕುಸಿಯದೆ ಮತ್ತೆ ಕೇಳುವಂತಾಗಲಿ. ಇನ್ನೊಂದು, ಏಳೇ ಊಹೆಗಳ ಮಿತಿ ಹಾಕಿ. ಪ್ರತಿ ಸಲ ಉಳಿದದ್ದರ ನಡುವಿನ ಸಂಖ್ಯೆಯನ್ನೇ ಊಹಿಸಿದರೆ 1ರಿಂದ 100ರೊಳಗಿನ ಯಾವ ಸಂಖ್ಯೆಯೂ ಏಳು ಊಹೆಗಳೊಳಗೆ ಸಿಗುತ್ತದೆ. ಇವೆರಡೂ ನಿಮ್ಮ ಕೈಯಿಂದಲೇ ಆದ ಮೇಲೆ ಕೋರ್ಸ್‌ನ ಮುಂದಿನ ಪಾಠ ತೆರೆಯಿರಿ.

ನಮಸ್ಕಾರ.