ಗಾಯದೊಳಕ್ಕೆ ಸೀರಂ ಕೊಟ್ಟರೇ?

ನಮಸ್ಕಾರ. ನಾಯಿ ಕಚ್ಚಿತ್ತು, ಇಂಜೆಕ್ಷನ್ ಆಯಿತು ಎಂದು ಯಾರಾದರೂ ನಿಶ್ಚಿಂತೆಯಿಂದ ಹೇಳಿದಾಗ ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಗಾಯದೊಳಕ್ಕೆ ಸೀರಂ ಕೊಟ್ಟರೇ? ಹೆಚ್ಚಿನವರಿಗೆ ಅಂಥದ್ದೊಂದು ಇದೆ ಎಂಬುದೇ ತಿಳಿದಿರುವುದಿಲ್ಲ.

ರೇಬೀಸ್ ವೈರಾಣು ಕಚ್ಚಿದ ಜಾಗದಿಂದ ನರಗಳ ಜಾಡು ಹಿಡಿದು ಮೆದುಳಿನತ್ತ ಸಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿದರೂ, ಮುಖಕ್ಕೋ ಕುತ್ತಿಗೆಗೋ ಕಚ್ಚಿದಾಗ ಕೆಲವೇ ವಾರಗಳು ಸಾಕಾಗಬಹುದು. ನೀರು ಕಂಡರೆ ಬೆಚ್ಚಿಬೀಳುವ ಹಂತ ಮುಟ್ಟಿದ ಮೇಲೆ ರೋಗಿಯನ್ನು ಉಳಿಸಬಲ್ಲ ಔಷಧವಿಲ್ಲ. ಲಸಿಕೆ ಹಾಕಿದ ಕೂಡಲೇ ದೇಹದಲ್ಲಿ ವೈರಾಣುವನ್ನು ಎದುರಿಸುವ ಪ್ರತಿಕಾಯಗಳು ಹುಟ್ಟುವುದಿಲ್ಲ, ಅದಕ್ಕೆ ಒಂದೆರಡು ವಾರ ಬೇಕು. ಆ ನಡುವಿನ ದಿನಗಳಲ್ಲಿ ವೈರಾಣುವನ್ನು ಗಾಯದಲ್ಲೇ ತಡೆಯುವುದು ಸಿದ್ಧ ಪ್ರತಿಕಾಯಗಳಿರುವ ಸೀರಂ. ಹಲ್ಲು ನಾಟಿ ಅಥವಾ ಉಗುರು ಪರಚಿ ರಕ್ತ ಬಂದಿದ್ದರೆ, ಹಿಂದೆ ಪೂರ್ತಿ ಲಸಿಕೆ ಪಡೆದವರನ್ನು ಬಿಟ್ಟು ಉಳಿದೆಲ್ಲರಿಗೂ ಲಸಿಕೆಯ ಜೊತೆಗೆ ಇದು ಬೇಕೇ ಬೇಕು.

ಲಸಿಕೆ ಸಿಗುವಲ್ಲೆಲ್ಲ ಸೀರಂ ಕೂಡ ಸಿಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೂಲಿ ಬಿಟ್ಟು ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಜಿಲ್ಲಾಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರೆ, ಆಕೆ ಬಸ್ಸಿನ ಖರ್ಚಿಗೆ ಅಂಜಿ ಮನೆಗೇ ಮರಳಬಹುದು.

ಆಸ್ಪತ್ರೆಗೆ ಹೊರಡುವ ಮೊದಲೇ ಮಾಡಬೇಕಾದದ್ದು ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯುವುದು. ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಸೋಪು ಕರಗಿಸುತ್ತದೆ. ಸುಣ್ಣ, ಖಾರದಪುಡಿ, ಅರಿಶಿನ ಆ ಕೆಲಸ ಮಾಡುವುದಿಲ್ಲ, ಗಾಯವನ್ನಷ್ಟೇ ಕೆರಳಿಸುತ್ತವೆ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಭಯವನ್ನೂ ಬಿಡಿ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗ ತೋಳಿನ ಚರ್ಮದೊಳಗೆ ಕೊಡುವುದಾದರೆ 0 (ಅಂದರೆ ಮೊದಲ ಲಸಿಕೆಯ ದಿನ), 3, 7 ಮತ್ತು 28ನೇ ದಿನ; ಸ್ನಾಯುವಿಗಾದರೆ 14ನೇ ದಿನ ಇನ್ನೊಂದು. ಗರ್ಭಿಣಿಯರೂ ಹಸುಗೂಸುಗಳೂ ಪಡೆಯಬಹುದು. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಿ, ಆದರೆ ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬೇಡಿ. ಸಾಕಿದ ಮರಿ ಎಂಬ ಸಲುಗೆಯೂ ಬೇಡ.

ಮಕ್ಕಳು ಬೈಗುಳಕ್ಕೆ ಹೆದರಿ ಪರಚಿದ ಗಾಯವನ್ನು ಮುಚ್ಚಿಡುತ್ತಾರೆ. ಹೇಳಿದರೆ ಬೈಯುವುದಿಲ್ಲ ಎಂದು ಇಂದು ಸಂಜೆಯೇ ಅವರಿಗೆ ತಿಳಿಸಿ. ಇನ್ನು, ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ವಾರ ಲಸಿಕೆ ಮಾತ್ರ ಹಾಕಿ ಕಳುಹಿಸಿದ್ದರೆ, ಮೊದಲ ಲಸಿಕೆಯಾಗಿ ಏಳು ದಿನ ತುಂಬುವವರೆಗೂ ಸೀರಂ ಕೊಡಬಹುದು. ಚೀಟಿ ಹಿಡಿದು ಈಗಲೇ ಹೊರಡಿ.