ಹಿಟ್ಟು ಎಷ್ಟು ನೀರು ಕುಡಿಯುತ್ತದೆ?

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಮಾತಿನ ವಿಷಯ ‘ಮನೆಯ ಸಾಂಪ್ರದಾಯಿಕ ಬೇಕಿಂಗ್’ ಅಂತ ಅಚ್ಚಾಗಿದೆ. ಓದಿ ನಗು ಬಂತು. ನಮ್ಮ ಸಕಲೇಶಪುರದ ಕಡೆ ಯಾರ ಅಜ್ಜಿ ಬೇಕಿಂಗ್ ಮಾಡಿದ್ದರು? ದೋಸೆ ಹುಯ್ಯುತ್ತಿದ್ದರು, ಕಡುಬು ಬೇಯಿಸುತ್ತಿದ್ದರು, ರೊಟ್ಟಿ ಸುಡುತ್ತಿದ್ದರು. ಒಲೆ ಒಂದೇ, ಮಾತು ಮೂರು. ನಾನು ಇವತ್ತು ಸುಡುವುದರ ಬಗ್ಗೆ ಮಾತ್ರ ಹೇಳುತ್ತೇನೆ, ಅಂದರೆ ಉಕ್ಕರಿಸಿದ ಅಕ್ಕಿ ರೊಟ್ಟಿ, ಕುದಿಯುವ ನೀರಿಗೆ ಹಿಟ್ಟು ಸುರಿದು ತಿರುವಿ ಮಾಡುವುದು.

ಹಾಗಂತ ಬೇಕರಿ ಹಾಸನಕ್ಕೆ ಹೊರಗಿನದೇನಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ಎಚ್.ಎಸ್. ತಿರುಮಲಾಚಾರ್ ಹಾಸನ ಸೀಮೆಯವರು. ಆಮೇಲೆ ಈ ಜಿಲ್ಲೆಯ ಎಷ್ಟೋ ಹಳ್ಳಿಯ ಹುಡುಗರು ನೆಂಟರ ಬೇಕರಿಯಲ್ಲಿ ಒಲೆಯ ಮುಂದೆ ನಿಂತು ಕಲಿತು ತಾವೂ ಅಂಗಡಿ ಇಟ್ಟರು. ಪುಸ್ತಕ ನೋಡಿ ಕಲಿತದ್ದಲ್ಲ, ಪಕ್ಕದಲ್ಲಿ ನಿಂತು. ನಮ್ಮ ರೊಟ್ಟಿಯೂ ಹಾಗೇ ಬಂದದ್ದು. ಗಂಡಸರ ಒಲೆಗೆ ಬೋರ್ಡು ಸಿಕ್ಕಿತು, ಹೆಂಗಸರ ಒಲೆಗೆ ಸಿಗಲಿಲ್ಲ, ಅಷ್ಟೇ. ಇದನ್ನು ದೂರು ಅಂತಲೇ ತಗೊಳ್ಳಿ.

ನಾನು ಮದುವೆಯಾಗಿ ಬಂದದ್ದು ಸುಗ್ಗಿ ಮುಗಿದ ಹೊತ್ತಿಗೆ. ತವರಿನಲ್ಲಿ ರೊಟ್ಟಿ ಚೆನ್ನಾಗಿ ಮಾಡುತ್ತಿದ್ದೆ ಎಂಬ ಜಂಬ ಬೇರೆ. ಮೊದಲ ಬೆಳಿಗ್ಗೆಯೇ ಸೇರು ಹಿಟ್ಟಿಗೆ ಸೇರು ನೀರು ಕುದಿಸಿ, ಉಪ್ಪು ಹಾಕಿ, ಹಿಟ್ಟು ಸುರಿದು ತಿರುವಿದೆ. ಗೋಂದಾಯಿತು. ಅತ್ತೆ ಬೈಯಲಿಲ್ಲ. ಚೂರು ಹಿಟ್ಟು ತೆಗೆದು ಬೆರಳಲ್ಲಿ ಉಜ್ಜಿ, “ಇದು ಹೊಸ ಅಕ್ಕಿ ಕಣಮ್ಮ, ನೀರು ಕಮ್ಮಿ ಕುಡೀತದೆ. ನಿಮ್ಮನೇಲಿ ಹಳೇದು ಇತ್ತೇನೋ” ಅಂದರು. ಆ ಗೋಂದಿಗೆ ಇನ್ನಷ್ಟು ಒಣ ಹಿಟ್ಟು ಬೆರೆಸಿ, ಮನೆಯವರು ಹನ್ನೊಂದು ಜನವೂ ತಿಂದೆವು. ಮಾವನವರು ಎರಡು ಜಾಸ್ತಿಯೇ ತಿಂದರು, ಪಾಪ.

ಆ ಮಾತಿನ ಹಿಂದೆ ಲೆಕ್ಕವಿದೆ. ಗೋಧಿಯಲ್ಲಿರುವ ಗ್ಲುಟೆನ್ ಅಕ್ಕಿಯಲ್ಲಿಲ್ಲ. ತಣ್ಣೀರಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು ತೆಳ್ಳಗೆ ಲಟ್ಟಿಸಲು ಹೋದರೆ ಒಡೆದು ಚೂರಾಗುತ್ತದೆ. ಕುದಿಯುವ ನೀರಿಗೆ ಬಿದ್ದಾಗ ಅದರ ಪಿಷ್ಟ ಉಬ್ಬಿ ಅಂಟಾಗುತ್ತದೆ, ಅದೇ ಹಿಟ್ಟನ್ನು ಹಿಡಿದಿಡುವುದು. ಹೊಸ ಅಕ್ಕಿ ಬೇಗ ಅಂಟಾಗುತ್ತದೆ. ವರ್ಷ ಕಳೆದ ಅಕ್ಕಿ ಒಣಗಿ ಗಟ್ಟಿಯಾಗಿರುತ್ತದೆ, ಅದಕ್ಕೆ ನೀರು ಜಾಸ್ತಿ ಬೇಕು. ಅತ್ತೆಗೆ ಪಿಷ್ಟದ ಹೆಸರು ಗೊತ್ತಿರಲಿಲ್ಲ. ಯಾವ ಚೀಲದ ಅಕ್ಕಿ ಯಾವ ಗದ್ದೆಯದು, ಯಾವಾಗ ಕುಯ್ದದ್ದು ಅಂತ ಗೊತ್ತಿತ್ತು.

ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದದ್ದು ಇಂಟಾನ್. ಮಲೆನಾಡಿನ ಗದ್ದೆಗಳಿಗೆ ಇಂಡೋನೇಷ್ಯಾದಿಂದ ಬಂದ ತಳಿ, ನಾವು ಮಾತ್ರ ತಾತನ ಕಾಲದ್ದು ಅಂತಲೇ ಅಂದುಕೊಂಡಿದ್ದೆವು. ಹೊಳೆನರಸೀಪುರದ ಕಡೆಯ ನೆಂಟರು ಬಂದರೆ ರಾಜಮುಡಿ ತರುತ್ತಿದ್ದರು. ಅದರ ಕೆಂಪು ಛಾಯೆಯ ಅನ್ನಕ್ಕೆ ಸಾರು ಸುರಿದುಕೊಂಡರೆ ಬೇರೇನೂ ಬೇಡ. ರೊಟ್ಟಿಗೆ ಮಾತ್ರ ನಮ್ಮ ಅತ್ತೆ ಇಂಟಾನನ್ನು ಬಿಟ್ಟುಕೊಡಲಿಲ್ಲ.

ನಾಟಿ ಕಾಲದಲ್ಲಿ ಮುಯ್ಯಾಳುಗಳಿಗೆ, ಅಂದರೆ ಕೆಲಸಕ್ಕೆ ಬದಲು ಕೆಲಸ ಮಾಡಿಕೊಡಲು ಬರುವವರಿಗೆ, ರೊಟ್ಟಿ ಸುಡುವ ದಿನ ಅಂದರೆ ಮೂರು ತಲೆಮಾರು ಒಂದೇ ಒಲೆಯ ಮುಂದೆ. ಹಿಟ್ಟು ಬಿಸಿಯಿದ್ದಾಗಲೇ ಕೈಯನ್ನು ನೀರಲ್ಲಿ ಅದ್ದಿ ಅದ್ದಿ ನಾದುವುದು ಅತ್ತೆ. ಅವರ ಅಂಗೈಗೆ ಬಿಸಿ ತಾಗುತ್ತಿರಲಿಲ್ಲವೋ, ತಾಗಿದರೂ ಹೇಳುತ್ತಿರಲಿಲ್ಲವೋ! ಲಟ್ಟಿಸುವುದು ನಾನು. ಉಂಡೆ ಕಟ್ಟುವುದು ಮಗಳು, ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ಕಿತ್ತಳೆಯಷ್ಟು. ಕಾವಲಿಯ ಮೇಲೆ ಎರಡೂ ಮಗ್ಗುಲು ಸ್ವಲ್ಪ ಬಾಡಿಸಿ, ಒಲೆಯಿಂದ ಎಳೆದ ಕೆಂಡಕ್ಕೆ ಹಾಕಿದರೆ ಒಳಗಿನ ನೀರು ಆವಿಯಾಗಿ ರೊಟ್ಟಿ ಪೂರ್ತಿ ಉಬ್ಬಬೇಕು. ಉಬ್ಬದಿದ್ದರೆ ಎಲ್ಲೋ ತೂತಾಗಿದೆ, ಇಲ್ಲವೇ ಅಂಚು ದಪ್ಪವಾಗಿದೆ. ತಪ್ಪು ಯಾರದು ಅಂತ ರೊಟ್ಟಿಯೇ ಹೇಳಿಬಿಡುತ್ತಿತ್ತು. ಬಾಳೆಎಲೆಯಲ್ಲಿ ಸುತ್ತಿ, ಜೊತೆಗೆ ಕಳಲೆ ಪಲ್ಯ, ಗದ್ದೆಯ ಬದುವಿಗೆ.

ಈಗ ನಮ್ಮೂರಲ್ಲಿ ನಾಟಿಯಾಗುವ ಗದ್ದೆಗಳನ್ನು ಬೆರಳಲ್ಲಿ ಎಣಿಸಬಹುದು. ಆಳಿಲ್ಲ, ಭತ್ತಕ್ಕೆ ದರವಿಲ್ಲ, ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡಾನೆ. ಒಬ್ಬರು ಅಡಿಕೆ ಹಾಕಿದರು, ಒಬ್ಬರು ಪಾಳು ಬಿಟ್ಟರು. ಅವರನ್ನು ತಪ್ಪು ಅನ್ನಲಾರೆ, ನಾವೂ ಎರಡು ಗದ್ದೆ ಬಿಟ್ಟಿದ್ದೇವೆ. ಆದರೆ ‘ಅಜ್ಜಿಯ ರೊಟ್ಟಿ ಮರೆಯಾಗುತ್ತಿದೆ, ರೆಸಿಪಿ ಬರೆದಿಡಿ’ ಅನ್ನುವವರಿಗೆ ನಾನು ಕೇಳುವುದು ಇದನ್ನೇ: ಯಾವ ಅಕ್ಕಿಗೆ ಬರೆಯಲಿ?

ಮಗಳು ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿ, “ಅಮ್ಮ, ಕರೆಕ್ಟಾಗಿ ಎಷ್ಟು ಎಂ.ಎಲ್. ನೀರು?” ಅಂತಾಳೆ. ಮೊದಮೊದಲು ರೇಗುತ್ತಿದ್ದೆ. ಆಮೇಲೆ ಅವಳ ಅಂಗಡಿ ಹಿಟ್ಟಿನ ಪೊಟ್ಟಣವನ್ನು ಕ್ಯಾಮರಾ ಮುಂದೆ ಹಿಡಿಸಿ ನೋಡಿದೆ. ಅದರಲ್ಲಿ ಪ್ಯಾಕ್ ಮಾಡಿದ ದಿನಾಂಕವಿತ್ತು, ಕುಯ್ಲಿನದಿರಲಿಲ್ಲ. ಅವಳಾದರೂ ಏನು ಮಾಡಬೇಕು? ಈಗ ಮನೆಯ ಅಕ್ಕಿ ಬೀಸಿಸಿ ಬಸ್ಸಿಗೆ ಹಾಕಿಸುತ್ತೇನೆ, ಚೀಲದ ಮೇಲೆ ಗದ್ದೆಯ ಹೆಸರು, ಕುಯ್ದ ತಿಂಗಳು ಬರೆದು. ಎಂ.ಎಲ್. ಬರೆಯುವುದಿಲ್ಲ.

ಮಾತು ಸಾಕು. ಹಿಂದಿನ ಕೋಣೆಯಲ್ಲಿ ಎರಡು ಪಾತ್ರೆಯಲ್ಲಿ ಹಿಟ್ಟು ಉಕ್ಕರಿಸಿ ಮುಚ್ಚಿಟ್ಟಿದ್ದೇನೆ. ಒಂದು ನಮ್ಮ ಗದ್ದೆಯದು, ಒಂದು ಅಂಗಡಿಯದು. ಯಾವುದು ಯಾವುದು ಅಂತ ನಾನು ಹೇಳುವುದಿಲ್ಲ. ಕೈ ತೊಳೆದುಕೊಂಡು ಬನ್ನಿ, ಬಿಸಿ ಆರುವುದರೊಳಗೆ ನಾದಬೇಕು. ಗಂಡಸರೂ ಬನ್ನಿ.